ಕಿಟಕಿಯಿಲ್ಲದ ಕೋಣೆಯಲ್ಲಿ ವರ್ಷದ ಊಟ

ಮಗಳು ಜೋವಿಯ ಒಳ್ಳೆಯದೊಂದು ಫೋಟೋ ಬೇಕೆಂದು ಆಸ್ಪತ್ರೆಯಿಂದ ಫೋನು ಬಂದಾಗ ಬೆಲೆನ್ ಅಂಗಳದಲ್ಲಿ ಒಣಮೀನು ತಿರುವಿ ಹಾಕುತ್ತಿದ್ದಳು. ಫೋನಿನಲ್ಲಿದ್ದ ಹೆಂಗಸಿನ ದನಿ ಬಹಳ ಮೆತ್ತಗಿತ್ತು. ಬಿಳಿ ಸಮವಸ್ತ್ರದ ಫೋಟೋ ಆದರೆ ಚೆನ್ನ, ಕಲ್ಲಿನ ಮೇಲೆ ಕೆತ್ತುವವರಿಗೆ ಮುಖ ಸರಿಯಾಗಿ ಕಾಣಬೇಕು, ನಗುತ್ತಿದ್ದರೂ ಪರವಾಗಿಲ್ಲ ಎಂದಳು.

"ನಗ್ತಿದ್ರೂ ಪರವಾಗಿಲ್ವಂತೆ," ಎಂದು ಬೆಲೆನ್ ಬೇಲಿಯ ಆಚೆ ಬಟ್ಟೆ ಒಗೆಯುತ್ತಿದ್ದ ಪಾಸಿಂಗಳಿಗೆ ಹೇಳಿದಳು.

"ನಗದೇ ಇರೋ ಫೋಟೋ ಬೇಕು ಅಂದಿದ್ರೆ ಎಲ್ಲಿಂದ ತರ್ತಿದ್ದೆ? ಆ ಹುಡುಗಿ ಹುಟ್ಟಿದಾಗ್ಲೇ ಹಲ್ಲು ಬಿಟ್ಕೊಂಡು ಬಂದೋಳು," ಎಂದುಬಿಟ್ಟಳು ಪಾಸಿಂಗ್. ಹೇಳಿದ ಮೇಲೆ ಸೋಪಿನ ಕೈಯಲ್ಲೇ ಬಾಯಿ ಮುಚ್ಚಿಕೊಂಡಳು. ಮೊಲೊ ಚರ್ಚಿನ ಹಿಂದಿನ ಆ ಓಣಿಯಲ್ಲಿ ಮಾತು ತಡೆದು ಆಡುವುದು ಗೊತ್ತಿಲ್ಲದ ಒಬ್ಬಳೇ ಹೆಂಗಸು ಅವಳು. ಬೆಲೆನ್‌ಗೆ ಅವಳ ಮಾತಿನಿಂದ ಯಾವತ್ತೂ ನೋವಾಗಿರಲಿಲ್ಲ. ಉಳಿದವರ ಮೌನವೇ ಅವಳಿಗೆ ಹೆಚ್ಚು ನೋವು ಕೊಡುತ್ತಿತ್ತು.

ಮಹಾಮಾರಿಯಲ್ಲಿ ತೀರಿಕೊಂಡ ಮೂವರು ನರ್ಸುಗಳ ನೆನಪಿಗೆ ಆಸ್ಪತ್ರೆಯವರು ಮುಂದಿನ ತೋಟದಲ್ಲಿ ಕರಿಕಲ್ಲಿನ ಗೋಡೆ ಎಬ್ಬಿಸುತ್ತಿದ್ದರು. ಮೂವರಲ್ಲಿ ಕೊನೆಗೆ ಹೋದವಳು ಜೋವಿ. ಹಾಗಾಗಿ ಅವಳ ವರ್ಷದ ದಿನವೇ ಕಾರ್ಯಕ್ರಮ ಇಟ್ಟುಕೊಂಡಿದ್ದರು. ಗೋಡೆಯ ಮೇಲಿನ ಬಟ್ಟೆ ಸರಿಸಬೇಕಾದವಳು ಅವಳ ತಾಯಿ.

ಫೋಟೋವನ್ನು ಫೋನಿನಲ್ಲೇ ಕಳಿಸಬಹುದಿತ್ತು. ಆದರೆ ಬೆಲೆನ್‌ಗೆ ಆಸ್ಪತ್ರೆಯಲ್ಲಿ ಒಬ್ಬರನ್ನು ಒಂದು ಮಾತು ಕೇಳಬೇಕಾಗಿತ್ತು. ಒಂದು ವರ್ಷದಿಂದ ಆ ಮಾತು ಅವಳ ಗಂಟಲಲ್ಲೇ ಕೂತಿತ್ತು. ಪಾಸಿಂಗಳಿಗೂ ಅವಳು ಅದನ್ನು ಹೇಳಿರಲಿಲ್ಲ.

ಬೆಲೆನ್ ಬಟ್ಟೆ ಹೊಲಿಯುವವಳು. ಗಂಡ ಸರಕು ಹಡಗಿನಲ್ಲಿ ಅಡುಗೆಯವನಾಗಿದ್ದು, ಜೋವಿ ಹೈಸ್ಕೂಲಿನಲ್ಲಿರುವಾಗಲೇ ಹೃದಯ ನಿಂತು ತೀರಿಕೊಂಡ. ಆಮೇಲೆ ತಾಯಿಮಗಳ ಹೊಟ್ಟೆ ಹೊರೆದದ್ದು ಹೊಲಿಗೆ ಯಂತ್ರ. ಶಾಲೆಯ ಮಕ್ಕಳ ಸಮವಸ್ತ್ರದಿಂದ ಹಿಡಿದು ಮದುಮಗಳ ಉದ್ದ ಲಂಗದವರೆಗೆ ಓಣಿಯಲ್ಲಿ ಅವಳ ಕೈ ದಾಟದ ಬಟ್ಟೆ ಇರಲಿಲ್ಲ. ಜೋವಿ ನರ್ಸ್ ಆಗಿ ನದಿದಂಡೆಯ ಆ ಆಸ್ಪತ್ರೆಗೆ ಸೇರಿದ ದಿನ ತೊಟ್ಟ ಮೊದಲ ಬಿಳಿ ಉಡುಪೂ ಅವಳೇ ಹೊಲಿದದ್ದು.

ರೋಗ ಊರಿಗೆ ಬಂದ ವರ್ಷ, ಜನ ಸಾಗಿಸುವ ಬಾಡಿಗೆ ಜೀಪ್ನಿಗಳೆಲ್ಲ ನಿಂತುಹೋಗಿ ರಸ್ತೆಗಳು ಬಿಕೋ ಎನ್ನುತ್ತಿದ್ದಾಗ, ಒಂದು ಸಂಜೆ ಜೋವಿ ಸೈಕಲ್ಲಿನ ಹಿಂದೆ ಮಳೆಕೋಟಿನ ಬಟ್ಟೆಯ ದೊಡ್ಡ ಸುರುಳಿ ಕಟ್ಟಿಕೊಂಡು ಬಂದಳು. ಆಗ ಅವಳು ಮನೆಯಲ್ಲಿ ಮಲಗುತ್ತಿರಲಿಲ್ಲ. ತಾಯಿಗೆ ಅಂಟೀತೆಂದು, ನರ್ಸುಗಳಿಗೆ ಕೊಟ್ಟಿದ್ದ ವಸತಿಯಲ್ಲಿದ್ದಳು. ಗೇಟಿನ ಆಚೆಯೇ ನಿಂತು ಸುರುಳಿಯನ್ನು ಒಳಕ್ಕೆ ಉರುಳಿಸಿದಳು.

"ಮಾ, ವಾರ್ಡಲ್ಲಿ ಮೈ ಮುಚ್ಕೊಳೋ ಅಂಗಿ ಖಾಲಿ ಆಗಿದೆ. ಕಸದ ಚೀಲ ಕತ್ತರಿಸಿ ಹಾಕ್ಕೋತಿದೀವಿ. ಯಾರೋ ಪುಣ್ಯಾತ್ಮರು ಬಟ್ಟೆ ಕೊಟ್ಟಿದಾರೆ. ಹೊಲಿದು ಕೊಡು. ಗಾಳಿ ಒಳಗೆ ಹೋಗಬಾರ್ದು ನೋಡು."

"ಗಾಳಿ ಹೋಗದ ಅಂಗೀಲಿ ಉಸಿರಾಡೋದು ಹೇಗೆ ಇಂದಾಯ್?" ಮಗಳನ್ನು ಬೆಲೆನ್ ಹೆಸರು ಹಿಡಿದು ಕರೆದದ್ದಕ್ಕಿಂತ ಹೀಗೆ 'ಇಂದಾಯ್' ಎಂದು ಮುದ್ದಿನಿಂದ ಕರೆದದ್ದೇ ಹೆಚ್ಚು.

"ಅದಕ್ಕೆಲ್ಲ ಪುರುಸೊತ್ತೆಲ್ಲಿದೆ ನಮಗೆ!" ಎಂದು ಜೋವಿ ನಕ್ಕಳು.

ಓಣಿಯ ಹೆಂಗಸರೆಲ್ಲ ಸೇರಿದರು. ಬೆಲೆನ್ ಕತ್ತರಿಸಿ ಹೊಲಿದಳು. ಪಾಸಿಂಗ್ ಹೊಲಿಗೆಯ ತೂತುಗಳ ಮೇಲೆ ನೀರು ಇಳಿಯದ ಪಟ್ಟಿ ಇಟ್ಟು ಇಸ್ತ್ರಿ ಮಾಡಿ ಅಂಟಿಸಿದಳು. ಎಲೆಹಸಿರು ಬಣ್ಣದ ಬಟ್ಟೆ. ಅದನ್ನು ತೊಟ್ಟು ಜೋವಿ ವಾರ್ಡಿನಿಂದ ಫೋಟೋ ಕಳಿಸಿದಳು. "ಗಿಳಿ ಥರಾ ಕಾಣ್ತೀನಿ ಅಲ್ವಾ ಮಾ? ರೋಗಿಗಳು ಪೇರಲೆಹಣ್ಣು ಕೊಡೋಕೆ ಬರ್ತಾರೆ."

ಕೊನೆಯ ಒಂದು ಅಂಗಿಗೆ ಬಟ್ಟೆ ಸಾಲಲಿಲ್ಲ. ಬೆಲೆನ್ ಅಂಗಿಯ ಎಡ ಕಂಕುಳಲ್ಲಿ ಬೇರೆ ತುಂಡು ಸೇರಿಸಿ ಹೊಲಿದಳು. ಆ ತುಂಡಿನ ಸುತ್ತ ಅಂಟಿಸಲು ಪಟ್ಟಿಯೂ ಮುಗಿದಿತ್ತು. ಡಬ್ಬಿಗಳಿಗೆ ಅಂಟಿಸುವ ಅಗಲವಾದ ಟೇಪು ಹಚ್ಚಿದಳು. ಇದೊಂದನ್ನು ಬೇರೆ ಇಡು ಎಂದು ಮಗಳಿಗೆ ಹೇಳಬೇಕೆಂದುಕೊಂಡಿದ್ದಳು. ಜೋವಿ ಬಂದಾಗ ಕೆಲಸಕ್ಕೆ ಹೊತ್ತಾಗಿತ್ತು. ಗಂಟು ಎತ್ತಿಕೊಂಡು, ಕೈ ಬೀಸಿ, ಸೈಕಲ್ ಹತ್ತಿ ಹೋಗಿಬಿಟ್ಟಳು.

ಮಳೆಗಾಲದಲ್ಲಿ ಜೋವಿಗೆ ಜ್ವರ ಬಂತು. ತಾನು ಕೆಲಸ ಮಾಡುತ್ತಿದ್ದ ವಾರ್ಡಿನಲ್ಲೇ ಮಲಗಿದಳು. ಮೊದಮೊದಲು ಫೋನಿನಲ್ಲಿ ಮಾತಾಡುತ್ತಿದ್ದಳು. ಆಮೇಲೆ ಅದೇ ವಾರ್ಡಿನ ನರ್ಸ್, ಅವಳ ಗೆಳೆಯ ಎಫ್ರೆನ್ ಫೋನು ಹಿಡಿದು ತೋರಿಸುತ್ತಿದ್ದ; ಅವನಿಗೂ ಜ್ವರ ಬಂದ ಮೇಲೆ ಬೇರೆ ಯಾರೋ ಹಿಡಿಯುತ್ತಿದ್ದರು. ಮುಖದ ಮೇಲೆ ಕೊಳವೆ ಬಂದ ಮೇಲೆ ಜೋವಿ ಬರೀ ಕಣ್ಣು ಮಿಟುಕಿಸುತ್ತಿದ್ದಳು. ಒಂದು ಮುಂಜಾನೆ ಅದೂ ನಿಂತಿತು. ಮೈಪೂರ್ತಿ ಬಿಳಿ ತೊಟ್ಟ ಇಬ್ಬರು ಗಂಡಸರು ಓಣಿಯ ಬಾಯಲ್ಲಿ ನಿಂತು, ಬೂದಿಯ ಪೆಟ್ಟಿಗೆಯನ್ನು ಒಂದು ಕುರ್ಚಿಯ ಮೇಲಿಟ್ಟು ಹಿಂದೆ ಸರಿದರು. ಬೆಲೆನ್ ಒಬ್ಬಳೇ ನಡೆದುಹೋಗಿ ಎತ್ತಿಕೊಂಡು ಬಂದಳು. ಪೆಟ್ಟಿಗೆ ಇನ್ನೂ ಬೆಚ್ಚಗಿತ್ತು. ಒಂಬತ್ತು ದಿನದ ಪ್ರಾರ್ಥನೆಗೆ ಯಾರೂ ಮನೆಯೊಳಗೆ ಬರುವಂತಿರಲಿಲ್ಲ. ಪಾಸಿಂಗ್ ಬೇಲಿಯ ಆಚೆ ಸ್ಟೂಲು ಹಾಕಿಕೊಂಡು ಜಪಮಾಲೆ ಹಿಡಿದು ಗಟ್ಟಿಯಾಗಿ ಹೇಳಿದಳು. ಬೆಲೆನ್ ಈಚೆ ಕೂತು ಉತ್ತರ ಕೊಟ್ಟಳು.

ಅವತ್ತಿನಿಂದ ಅವಳು ಹೊಲಿಗೆ ಯಂತ್ರ ಮುಟ್ಟಲಿಲ್ಲ. ಮಾಸ್ಕ್ ಹೊಲಿದುಕೊಡಿ ಎಂದು ಬಂದವರಿಗೆ ಕಣ್ಣು ಮಂಜಾಗಿದೆ ಎಂದಳು. ಒಣಮೀನು ಮಾರಿಕೊಂಡು ದಿನ ದೂಡಿದಳು. ಕಪ್ಪು ಬಟ್ಟೆ ತೊಟ್ಟು ಅಂಗಳದಲ್ಲಿ ಕೂತಾಗೆಲ್ಲ ಕಣ್ಣ ಮುಂದೆ ಬರುತ್ತಿದ್ದದ್ದು ಆ ತುಂಡು, ಆ ಟೇಪು. ಬೆವರಿಗೆ ಬಿಟ್ಟುಕೊಂಡಿರಬೇಕು. ಬಿಟ್ಟುಕೊಂಡಾಗ ಒಳಗಿದ್ದವರು ಯಾರು?

*

ಎಫ್ರೆನ್ ಆಸ್ಪತ್ರೆಯ ಗೇಟಿನಲ್ಲೇ ಕಾದಿದ್ದ. ಮೊದಲು ಗುಂಡುಗುಂಡಗಿದ್ದ ಹುಡುಗ. ಈಗ ಅಂಗಿಯೊಳಗೆ ಮೈ ಎಲ್ಲಿದೆ ಎಂದು ಹುಡುಕಬೇಕಿತ್ತು.

"ತಿತಾ, ನೀವ್ಯಾಕೆ ಬರೋಕೆ ಹೋದ್ರಿ? ಊರಲ್ಲಿ ಮತ್ತೆ ಜೋರಾಗಿದೆ ಗೊತ್ತಲ್ವಾ?" ಎಂದ. ಅವನ ಬಾಯಲ್ಲಿ ಗೆಳತಿಯ ತಾಯಿ ಮೊದಲಿನಿಂದಲೂ 'ತಿತಾ', ಚಿಕ್ಕಮ್ಮ.

ಬೆಲೆನ್ ಫೋಟೋ ಕೊಟ್ಟಳು. ಅವನು ಅದನ್ನು ನೋಡಿ ತಿರುಗಿಸಿ ಇಟ್ಟುಕೊಂಡ. ಇಬ್ಬರೂ ತೋಟದ ಕಟ್ಟೆಯ ಮೇಲೆ ದೂರದೂರ ಕೂತರು. ಎದುರಿಗೆ ಕಲ್ಲಿನ ಗೋಡೆಗೆ ಕೆಲಸದವರು ಸಿಮೆಂಟು ಮೆತ್ತುತ್ತಿದ್ದರು.

"ತೊತೊ, ಮಗನೇ, ಒಂದು ಕೇಳ್ತೀನಿ. ನಿಜ ಹೇಳ್ಬೇಕು."

"ಕೇಳಿ ತಿತಾ."

"ನಾನು ಹೊಲಿದು ಕೊಟ್ಟಿದ್ನಲ್ಲ, ಆ ಹಸಿರು ಅಂಗಿ. ಅದರಲ್ಲಿ ಒಂದಕ್ಕೆ ಎಡಗಡೆ ಕಂಕುಳಲ್ಲಿ ತುಂಡು ಕೊಟ್ಟಿದ್ದೆ. ಸರಿಯಾಗಿ ಮುಚ್ಚಿರ್ಲಿಲ್ಲ. ಅದನ್ನ ಯಾರು ಹಾಕ್ಕೋತಿದ್ರು?"

ಎಫ್ರೆನ್ ಅವಳನ್ನೇ ನೋಡಿದ. ಮುಖದ ಮುಂದಿನ ಪ್ಲಾಸ್ಟಿಕ್ ಹಾಳೆಯ ಹಿಂದೆ ಅವನ ಕಣ್ಣುಗಳು ಮಂಜುಮಂಜಾಗಿ ಕಂಡವು.

"ಒಂದು ವರ್ಷದಿಂದ ಇದನ್ನ ಇಟ್ಕೊಂಡು ಕೂತಿದೀರಾ?"

"ಯಾರು ಹಾಕ್ಕೋತಿದ್ರು ಹೇಳು."

"ನಾನು," ಎಂದ ಅವನು. "ಅದು ದೊಡ್ಡದಿತ್ತು. ನನ್ ಹೊಟ್ಟೆಗೆ ಬೇರೆ ಯಾವುದೂ ಹಿಡೀತಿರ್ಲಿಲ್ಲ. ನಾನೇ ಹಾಕ್ಕೋತಿದ್ದೆ."

ಬೆಲೆನ್ ಅವನ ಮುಖದಲ್ಲಿ ಏನನ್ನೋ ಹುಡುಕಿದಳು. ಅವನು ಒಳ್ಳೆಯ ಹುಡುಗ. ಒಳ್ಳೆಯವರು ಇಂಥ ಹೊತ್ತಿನಲ್ಲಿ ಸುಳ್ಳು ಹೇಳುತ್ತಾರೆಂದು ಅವಳಿಗೆ ಗೊತ್ತು.

"ನಂಬಿಕೆ ಬರ್ತಿಲ್ಲ ಅಲ್ವಾ?" ಎಂದು ಎಫ್ರೆನ್ ಎದ್ದ. "ಬನ್ನಿ, ನಿಮಗೊಂದು ಜಾಗ ತೋರಿಸ್ತೀನಿ. ಅಂಗಿ ಅಲ್ಲ ತಿತಾ. ಅಂಗಿ ಹಾಕ್ಕೊಂಡಿದ್ದಷ್ಟು ಹೊತ್ತು ನಾವು ಚೆನ್ನಾಗೇ ಇದ್ವಿ. ಬಿಚ್ಚಿದ ಮೇಲೆ ಎಲ್ಲಿಗೆ ಹೋಗ್ತಿದ್ವಿ ಅನ್ನೋದು ನೋಡಿ."

ಬಟ್ಟೆ ಒಗೆಯುವ ಕೋಣೆಯ ಹಿಂದೆ ಒಂದು ಇಕ್ಕಟ್ಟಿನ ಓಣಿ. ಅದರ ಕೊನೆಗೆ ಒಂದು ಬಾಗಿಲು. ಹಿಂದೆ ಹಾಸಿಗೆ ಬಟ್ಟೆಗಳ ಉಗ್ರಾಣವಾಗಿದ್ದ ಕೋಣೆ. ಒಂದು ಉದ್ದ ಮೇಜು, ಅದರ ಸುತ್ತ ಒತ್ತೊತ್ತಾಗಿ ಕುರ್ಚಿಗಳು, ಮೂಲೆಯಲ್ಲಿ ಫ್ರಿಜ್ಜು. ಗೋಡೆಯ ಫ್ಯಾನು ಒಳಗಿನ ಗಾಳಿಯನ್ನೇ ಅತ್ತಿಂದಿತ್ತ ತಳ್ಳುತ್ತಿತ್ತು. ಒಂದು ಕಿಟಕಿಯೂ ಇರಲಿಲ್ಲ. ಬಾಗಿಲು ಮುಚ್ಚಿದರೆ ಹಗಲೋ ರಾತ್ರಿಯೋ ತಿಳಿಯುವಂತಿರಲಿಲ್ಲ. ಮುಖ್ಯ ನರ್ಸ್ ಫ್ಲೋರ್, ನರೆತ ಕೂದಲಿನ ಎತ್ತರದ ಹೆಂಗಸು, ಗೋಡೆಯ ಕಡೆ ಮುಖ ಮಾಡಿ ಡಬ್ಬಿಯಿಂದ ಅನ್ನ ತಿನ್ನುತ್ತಿದ್ದಳು. ಬೆಲೆನ್‌ಳನ್ನು ಕಂಡು ಸರಕ್ಕನೆ ಮಾಸ್ಕ್ ಏರಿಸಿಕೊಂಡು ಎದ್ದಳು.

"ಜೋವಿ ಅಮ್ಮ ಅಲ್ವಾ? ಯಾಕಪ್ಪಾ ಇವರನ್ನ ಇಲ್ಲಿಗೆ ಕರ್ಕೊಂಡು ಬಂದೆ?"

"ತಮ್ಮ ಹೊಲಿಗೆಯಿಂದ ಮಗಳು ಹೋದ್ಲು ಅಂದ್ಕೊಂಡಿದಾರೆ ಮ್ಯಾಡಮ್."

ಫ್ಲೋರ್ ಡಬ್ಬಿಯ ಮುಚ್ಚಳ ಹಾಕಿದಳು. ಬೆಲೆನ್ ಕಡೆ ತಿರುಗಿದಳು.

"ಮನಾಂಗ್, ಅಕ್ಕಾ, ವಾರ್ಡಿಂದ ಬಂದು, ಅಂಗಿ ಮಾಸ್ಕ್ ಎಲ್ಲಾ ಬಿಚ್ಚಿ, ಇಲ್ಲೇ ಮೈಗೆ ಮೈ ತಾಗಿಸ್ಕೊಂಡು ಉಣ್ತಿದ್ವಿ. ಬೇರೆ ಕಡೆ ಕೂರೋಕೆ ಬಿಡ್ತಿರ್ಲಿಲ್ಲ. ಈ ಮೇಜಿಗೆ ಒಟ್ಟಿಗೆ ಕೂತಿದ್ದೋರೆಲ್ಲ ಒಂದೇ ವಾರ ಮಲಗಿದ್ರು. ಜೋವಿ, ಲಿಯೋನಿಲಾ, ರೊಹೆಲ್, ಈ ಎಫ್ರೆನ್, ನಾನು. ಡಬ್ಬಿ ತಗೊಂಡು ಹೊರಗೆ ಮರದ ಕೆಳಗೆ ಕೂತು ತಿಂದ ಇಬ್ರಿಗೆ ಏನೂ ಆಗ್ಲಿಲ್ಲ. ಮೇಲೆ ಎರಡನೇ ಮಹಡೀಲಿ ನದಿ ಕಡೆಗೆ ಸಾಲಾಗಿ ಕಿಟಕಿ ಇರೋ ಸಭಾಂಗಣ ಇದೆ. ಅದು ಖಾಲಿ ಬಿದ್ದಿತ್ತು. ಕೊಡಿ ಅಂತ ಎಷ್ಟು ಸಲ ಕೇಳಿದ್ವೋ."

"ಕೊಡ್ಲಿಲ್ವಾ?"

"ಅಲ್ಲಿ ಕಾರ್ಪೆಟ್ ಹಾಸಿದೆ. ಮೀನಿನ ವಾಸನೆ ಹತ್ತುತ್ತೆ ಅಂದ್ರು."

ಎಫ್ರೆನ್ ಫ್ರಿಜ್ಜಿನ ಪಕ್ಕದ ಕುರ್ಚಿ ತೋರಿಸಿದ. "ಅವಳು ಇಲ್ಲಿ ಕೂರ್ತಿದ್ಲು. ಬೇರೆಯವರ ಡಬ್ಬಿಗೆ ಕೈ ಹಾಕೋಕೆ ಇದೇ ಸುಲಭ ಅಂತ."

ಬೆಲೆನ್ ಆ ಕುರ್ಚಿಯಲ್ಲಿ ಕೂತಳು. ಬೆನ್ನಿಗೆ ಗೋಡೆ ತಾಗಿತು. ಗೋಡೆ ಒದ್ದೆಯಾಗಿತ್ತು.

"ಈಗ ಎಲ್ಲಿ ತಿಂತೀರಿ?"

ಫ್ಲೋರ್ ತನ್ನ ಡಬ್ಬಿಯತ್ತ ನೋಡಿದಳು. "ಇಲ್ಲೇ. ಹೋದ ವಾರ ಇನ್ನೊಬ್ಬ ಹುಡುಗಿ ಮಲಗಿದಾಳೆ." ಆಮೇಲೆ ದನಿ ತಗ್ಗಿಸಿ ಹೇಳಿದಳು, "ಮನಾಂಗ್, ಅವತ್ತು ನಿಮ್ಮ ಕೈಗೆ ಮೈಕ್ ಕೊಡ್ತಾರೆ. ಊಟಕ್ಕೆ ಗಾಳಿಯಾಡೋ ಜಾಗ, ಬಟ್ಟೆ ಬದಲಿಸೋಕೆ ಬೇರೆ ಕೋಣೆ, ಒಬ್ಬೊಬ್ಬರ ತಲೆಗೆ ಇಷ್ಟೊಂದು ರೋಗಿಗಳನ್ನ ಕಟ್ಟಬಾರ್ದು, ಕಾಯಿಲೆ ಬಿದ್ರೆ ಸಂಬಳ ಹಿಡೀಬಾರ್ದು. ಇಷ್ಟೇ ನಾವು ಕೇಳ್ತಿರೋದು. ನಾವು ಬಾಯಿ ತೆರೆದ್ರೆ ಕಿರಿಕಿರಿ ಮಾಡೋರು ಅನ್ನಿಸ್ಕೋತೀವಿ. ಇವನಂಥವರದ್ದು ಆರಾರು ತಿಂಗಳ ಕರಾರಿನ ಕೆಲಸ. ನೀವು ಹೇಳಿದ್ರೆ ಕೇಳ್ತಾರೆ."

"ನನಗೆ ಭಾಷಣ ಬರಲ್ಲಮ್ಮ," ಎಂದಳು ಬೆಲೆನ್. "ಜನ ಕಂಡ್ರೆ ನಾಲಿಗೆ ಒಣಗುತ್ತೆ."

ಮನೆಗೆ ಮರಳುವಾಗ ಜೀಪ್ನಿಯಲ್ಲಿ, ಪ್ಲಾಸ್ಟಿಕ್ ಪರದೆಗಳ ನಡುವೆ ಕೂತಾಗ, ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಆದರೆ ಮೊಲೊದಲ್ಲಿ ಇಳಿಯುವ ಹೊತ್ತಿಗೆ ಅದಕ್ಕಿಂತ ಭಾರವಾದದ್ದು ಬಂದು ಕೂತಿತ್ತು. ತಪ್ಪು ತನ್ನದೇ ಎಂದುಕೊಂಡಿದ್ದಷ್ಟು ಕಾಲ ಮಗಳು ಹೇಗೋ ತನ್ನ ಕೈಯೊಳಗೇ ಇದ್ದಳು. ಇನ್ನೊಂದು ಗೇಣು ಬಟ್ಟೆ ಸಿಕ್ಕಿದ್ದರೆ ಉಳಿಸಿಕೊಳ್ಳಬಹುದಿತ್ತು ಎಂದಾದರೂ ಅಳಬಹುದಿತ್ತು. ಈಗ ನೋಡಿದರೆ ಮಗಳು ಹೋದದ್ದು ಒಂದು ಕಾರ್ಪೆಟ್ಟಿಗಾಗಿ.

ಓಣಿಗೆ ಬಂದವಳೇ ಪಾಸಿಂಗಳ ಗೇಟಿನಲ್ಲಿ ನಿಂತು ಎಲ್ಲವನ್ನೂ ಹೇಳಿದಳು. ತುಂಡಿನ ಮಾತನ್ನೂ ಹೇಳಿದಳು. ಪಾಸಿಂಗ್ ಕೇಳಿ ಮುಗಿಸಿ ಬೈದಳು. "ಹುಚ್ಚಿ! ಆ ಪಟ್ಟಿಗೆ ಇಸ್ತ್ರಿ ಮಾಡ್ದೋಳು ನಾನು. ಹಾಗೆ ನೋಡಿದ್ರೆ ನಾನೂ ಕೊಂದಂಗಾಯ್ತಲ್ಲ? ನನ್ನನ್ನ ಕೇಳೋದಲ್ವಾ?" ಬೈಯುತ್ತಲೇ ಗೇಟು ತೆರೆದು ಬಂದು ಅವಳನ್ನು ತಬ್ಬಿಕೊಂಡಳು. ರೋಗ ಬಂದ ಮೇಲೆ ಯಾರೂ ಬೆಲೆನ್‌ಳನ್ನು ಮುಟ್ಟಿರಲಿಲ್ಲ.

*

ವರ್ಷದ ದಿನಕ್ಕೆ ಇಬ್ಬರೂ ಹಿಂದಿನ ದಿನದಿಂದಲೇ ಅಡುಗೆಗೆ ನಿಂತರು. ತೊಗರಿಕಾಳು, ಎಳೆ ಹಲಸು, ಹಂದಿಮಾಂಸ ಹಾಕಿ ಬತ್ವಾನ್ ಎಂಬ ಹುಳಿಕಾಯಿಯ ಜೊತೆ ಕುದಿಸಿದ ಸಾರು ಜೋವಿಗೆ ಪ್ರಾಣ. ಎರಡು ದೊಡ್ಡ ಹಂಡೆ ಸಾರು, ಬುಟ್ಟಿ ತುಂಬ ಅನ್ನ, ತೆಂಗಿನಗರಿಯಲ್ಲಿ ಸುತ್ತಿದ ಸಿಹಿ ಅಕ್ಕಿಗಡುಬು.

"ಆಸ್ಪತ್ರೆಯವರು ಎಲ್ಲರಿಗೂ ಊಟದ ಪೊಟ್ಟಣ ಕೊಡ್ತಾರಂತಲ್ಲ," ಎಂದಳು ಪಾಸಿಂಗ್ ಹಲಸು ಹೆಚ್ಚುತ್ತ.

"ನನ್ನ ಮಗಳ ವರ್ಷದ ಊಟ ಪೊಟ್ಟಣದಲ್ಲಾ?"

"ಅಷ್ಟು ಜನಕ್ಕೆ ಎಲ್ಲಿ ಬಡಿಸ್ತೀಯ? ತೋಟದಲ್ಲಾ?"

ಬೆಲೆನ್ ಸಾರು ತಿರುವುತ್ತಿದ್ದಳು. ಅಲ್ಲಿಯವರೆಗೆ ಅವಳೂ ಆ ಬಗ್ಗೆ ಯೋಚಿಸಿರಲಿಲ್ಲ. "ಅವಳು ಉಣ್ತಿದ್ದ ಕಡೇಲೇ ಬಡಿಸೋದು," ಎಂದಳು. ಯಾರನ್ನೂ ನಾಚಿಸಬೇಕೆಂದು ಅವಳು ಹಾಗೆಂದದ್ದಲ್ಲ. ಮಗಳು ಕೊನೆಯ ಬಾರಿ ನಾಲ್ಕು ಜನರ ಜೊತೆ ಕೂತು ನಗುತ್ತ ಉಂಡದ್ದು ಆ ಮೇಜಿನಲ್ಲಿ. ಮಗಳಿಗೆ ಎಡೆ ಇಡುವುದಾದರೆ ಬೇರೆ ಜಾಗ ಬೆಲೆನ್‌ಗೆ ತೋಚಲಿಲ್ಲ.

ಬೆಳಗ್ಗೆ ಮೂರು ಚಕ್ರದ ಬಾಡಿಗೆ ಟ್ರೈಸಿಕಲ್ಲಿನಲ್ಲಿ ಹಂಡೆಗಳು ಬಂದವು. ಎಫ್ರೆನ್ ಮತ್ತು ಪಾಸಿಂಗ್ ಸೇರಿ ಹಿಂದಿನ ಬಾಗಿಲಿನಿಂದ ಒಳಗೆ ಸಾಗಿಸಿದರು. ತೋಟದಲ್ಲಿ ಕುರ್ಚಿಗಳನ್ನು ದೂರದೂರ ಹಾಕಿದ್ದರು. ಪಾದ್ರಿ ಪ್ರಾರ್ಥನೆ ಹೇಳಿದರು. ತೀರಿಕೊಂಡ ಇನ್ನಿಬ್ಬರ ಮನೆಯವರೂ ಮುಂದೆ ಕೂತಿದ್ದರು: ಲಿಯೋನಿಲಾಳ ಗಂಡುಮಕ್ಕಳು, ರೊಹೆಲ್‌ನ ಹೆಂಡತಿ, ಅವಳ ತೊಡೆಯ ಮೇಲೆ ಅಪ್ಪನ ಮುಖ ನೋಡದ ಮಗು. ಬಿಡುವು ಸಿಕ್ಕ ನರ್ಸುಗಳು ಹಿಂದೆ ಗೋಡೆಗೊರಗಿ ನಿಂತಿದ್ದರು. ನಿರ್ದೇಶಕರಾದ ಡಾಕ್ಟರ್ ಎಸ್ಪಿನೋಸಾ ಮಾತಾಡಿದರು. ಈ ಮೂವರು ವೀರರು, ಊರಿಗಾಗಿ ಪ್ರಾಣ ಕೊಟ್ಟವರು ಎಂದರು. ಮೂವರ ಹೆಸರನ್ನೂ ಕಾಗದ ನೋಡದೆ ಹೇಳಿದರು. ಕೆಟ್ಟ ಮನುಷ್ಯನೇನಲ್ಲ. ಆಮೇಲೆ ಬೆಲೆನ್‌ಳನ್ನು ಕರೆದರು.

ಅವಳು ಬಟ್ಟೆ ಮುಚ್ಚಿದ ಕಲ್ಲಿನ ಪಕ್ಕ ನಿಂತಳು. ಹೇಳಿದ್ದಂತೆಯೇ ನಾಲಿಗೆ ಒಣಗಿತು. ಮೈಕಿನಲ್ಲಿ ಅವಳ ಉಸಿರು ಮಾತ್ರ ಕೇಳಿಸಿತು.

"ಬಟ್ಟೆ ಆಮೇಲೆ ಸರಿಸ್ತೀನಿ," ಎಂದಳು ಕೊನೆಗೆ. "ಇವತ್ತು ನನ್ನ ಮಗಳ ವರ್ಷದ ದಿನ. ಬಂದವರನ್ನ ಹಸಿದು ಕಳಿಸೋ ಹಾಗಿಲ್ಲ. ಅವಳು ಇಲ್ಲಿ ಎಲ್ಲಿ ಊಟ ಮಾಡ್ತಿದ್ಲೋ ಅಲ್ಲೇ ಬಡಿಸಿದೀನಿ. ಎಲ್ಲರೂ ಬನ್ನಿ."

ಅಷ್ಟು ಹೇಳಿ ಮೈಕ್ ಇಟ್ಟು ಹೊರಟೇಬಿಟ್ಟಳು. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲು ಲಿಯೋನಿಲಾಳ ಮಕ್ಕಳು ಎದ್ದರು, ಅವರ ಹಿಂದೆ ಪಾದ್ರಿ, ಆಮೇಲೆ ಉಳಿದವರು. ತಾಯಿಯೊಬ್ಬಳು ಊಟಕ್ಕೆ ಕರೆದರೆ ಕೂತೇ ಇರುವುದು ಹೇಗೆ? ಒಗೆಯುವ ಕೋಣೆಯ ಹಿಂದಿನ ಇಕ್ಕಟ್ಟಿನಲ್ಲಿ ಸಾಲು ನಿಂತಿತು.

ಮೇಜಿನ ಮೇಲೆ ಬಾಳೆಲೆ ಹಾಸಿ ಪಾಸಿಂಗ್ ಎಲ್ಲ ಬಡಿಸಿಟ್ಟಿದ್ದಳು. ಸಾರಿನ ಹಬೆ ಹೊರಹೋಗಲು ದಾರಿಯಿಲ್ಲದೆ ಕೋಣೆಯಲ್ಲೇ ಸುತ್ತುತ್ತಿತ್ತು. ಬೆಲೆನ್ ಫ್ರಿಜ್ಜಿನ ಪಕ್ಕದ ಕುರ್ಚಿಯ ಮುಂದೆ ಒಂದು ತಟ್ಟೆ ಇಟ್ಟು ಪಕ್ಕದಲ್ಲಿ ನಿಂತಿದ್ದಳು.

ಡಾಕ್ಟರ್ ಎಸ್ಪಿನೋಸಾ ಹೊಸ್ತಿಲಿಗೆ ಬಂದು ನಿಂತರು. ಒಳಗೆ ನೋಡಿದರು. ಹಿಂದಿದ್ದವರೂ ನಿಂತರು.

"ಮನಾಂಗ್," ಎಂದರು ಅವರು, "ಇದನ್ನೆಲ್ಲ ಹೊರಗೆ ತೋಟಕ್ಕೆ ತರಿಸೋಣ್ವಾ? ಇಲ್ಲಿ ಗಾಳಿನೇ ಇಲ್ಲ. ಇಷ್ಟು ಜನ ಮಾಸ್ಕ್ ತೆಗೆದು ಒಟ್ಟಿಗೆ ಕೂತ್ರೆ ಅಪಾಯ ಆಗುತ್ತೆ."

ಗೋಡೆಯ ಫ್ಯಾನು ಸಾರಿನ ಹಬೆಯನ್ನು ಅವರ ಮುಖಕ್ಕೇ ತಳ್ಳಿತು. ತಾವು ಏನು ಹೇಳಿದೆವೆಂದು ಡಾಕ್ಟರಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದಾಗ ಅವರ ಕೈ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಿತು.

"ನಾವು ದಿನಾ ಇಲ್ಲೇ ಉಣ್ಣೋದು ಡಾಕ್ಟ್ರೇ," ಎಂದಳು ಫ್ಲೋರ್ ಹಿಂದಿನಿಂದ. ಅಷ್ಟಕ್ಕೇ ನಿಲ್ಲಿಸಲಿಲ್ಲ. ಊಟದ ಜಾಗ, ಬಟ್ಟೆ ಬದಲಿಸುವ ಕೋಣೆ, ರೋಗಿಗಳ ಹೊರೆ, ಕಾಯಿಲೆಯ ರಜೆ, ಎಲ್ಲವನ್ನೂ ಆ ಓಣಿಯಲ್ಲೇ, ಪಾದ್ರಿಯ ಮುಂದೆ, ಸತ್ತವರ ಮನೆಯವರ ಮುಂದೆ ಒಂದೊಂದಾಗಿ ಹೇಳಿದಳು. ನರ್ಸುಗಳು ಅವಳ ಸುತ್ತ ಬಂದು ನಿಂತರು. ಎಫ್ರೆನ್ ಕೂಡ ನಿಂತ.

"ನೀವೊಬ್ರೇ ಬನ್ನಿ," ಎಂದಳು ಬೆಲೆನ್ ಡಾಕ್ಟರಿಗೆ. "ಒಬ್ರು ಕೂತ್ರೆ ಏನೂ ಆಗಲ್ಲ. ಒಂದು ತುತ್ತು."

ಅವರು ಒಳಗೆ ಬಂದು ಕೂತರು. ಅವಳು ಬಡಿಸಿದಳು. ಅವರು ತಲೆ ತಗ್ಗಿಸಿ ತಿಂದರು. ಹಣೆಯಿಂದ ಬೆವರು ಎಲೆಯ ಮೇಲೆ ತೊಟ್ಟಿಕ್ಕಿತು.

"ನನಗೆ ಸರಿಯಾಗಿ ಗೊತ್ತಿರ್ಲಿಲ್ಲ ಮನಾಂಗ್."

"ಬಾಗಿಲು ಇಲ್ಲೇ ಇತ್ತಲ್ಲ ಡಾಕ್ಟ್ರೇ," ಎಂದಳು ಬೆಲೆನ್. ಬೈಯುವ ದನಿಯಲ್ಲ, ಮನೆಗೆ ಬಂದವರಿಗೆ ಇನ್ನಷ್ಟು ಹಾಕಲೇ ಎಂದು ಕೇಳುವಾಗಿನ ದನಿ. "ಪ್ರಾಣ ಕೊಟ್ಲು ಅಂದ್ರಿ ನೀವು. ಅವಳು ಪ್ರಾಣ ಕೊಡೋಕೆ ಹೋಗಿರ್ಲಿಲ್ಲ. ಕೆಲಸಕ್ಕೆ ಹೋಗಿದ್ಲು. ಮಳೆ ನಿಂತ ಮೇಲೆ ಮನೆಗೆ ಬರ್ತೀನಿ, ಈ ಸಾರು ಮಾಡಿಡು ಅಂದಿದ್ಲು."

ಅಷ್ಟು ಹೇಳುವವರೆಗೆ ಅವಳು ಗಟ್ಟಿಯಾಗಿಯೇ ಇದ್ದಳು. ಮಗಳ ತಟ್ಟೆಗೆ ಸಾರು ಹಾಕಲೆಂದು ತಿರುಗಿದಾಗ ಸೌಟು ಕೈಯಿಂದ ಜಾರಿತು. ಬೂದಿಯ ಪೆಟ್ಟಿಗೆ ಎತ್ತಿಕೊಂಡ ದಿನ ಅಳದೆ ಉಳಿದದ್ದೆಲ್ಲ ಆಗ ಬಂತು. ಪಾಸಿಂಗ್ ಅವಳನ್ನು ಹಿಡಿದುಕೊಂಡಳು. ಡಾಕ್ಟರ್ ಎದ್ದು, ಏನು ಮಾಡಬೇಕೆಂದು ತಿಳಿಯದೆ, ನೆಲದ ಮೇಲೆ ಬಿದ್ದ ಸೌಟನ್ನು ಎತ್ತಿ ಮೇಜಿನ ಮೇಲಿಟ್ಟರು.

ಊಟವನ್ನು ತೋಟಕ್ಕೇ ಸಾಗಿಸಿದರು. ಎಲ್ಲರೂ ಮರಗಳ ಕೆಳಗೆ ಚದುರಿ ಕೂತು ಉಂಡರು. ಮಧ್ಯಾಹ್ನದ ಮೇಲೆ ಬೆಲೆನ್ ಕಲ್ಲಿನ ಮೇಲಿನ ಬಟ್ಟೆ ಸರಿಸಿದಳು. ಕೆತ್ತಿದವನು ಮುಖವನ್ನು ಚೆನ್ನಾಗಿಯೇ ಕೆತ್ತಿದ್ದ. ನಗು ಮಾತ್ರ ಜೋವಿಯದಾಗಿರಲಿಲ್ಲ. ಯಾರಿಗಾದರೂ ಬರಬಹುದಾದ ನಗು.

*

ಆ ತಿಂಗಳು ಮುಗಿಯುವುದರೊಳಗೆ ಎರಡನೇ ಮಹಡಿಯ ಸಭಾಂಗಣದ ಕಾರ್ಪೆಟ್ ಕಿತ್ತು ಮೇಜುಗಳನ್ನು ಹಾಕಿದರು. ಬಟ್ಟೆ ಬದಲಿಸುವ ಕೋಣೆ ಕಟ್ಟಲು ಶುರುಮಾಡಿ ಅರ್ಧಕ್ಕೆ ಬಿಟ್ಟರು. ಆಮೇಲೆ ಫ್ಲೋರ್ ಹೋಗಿ ಹೋಗಿ ಕೇಳಿ ಮುಗಿಸಿಕೊಂಡಳು. ಕಾಯಿಲೆ ಬಿದ್ದವರ ಸಂಬಳ ಹಿಡಿಯುವುದು ನಿಂತಿತು. ರೋಗಿಗಳ ಹೊರೆ ಇದ್ದಷ್ಟೇ ಉಳಿಯಿತು. ಕೆಲಸಕ್ಕೆ ಜನರನ್ನು ಎಲ್ಲಿಂದ ತರೋಣ, ಎಲ್ಲರೂ ವಿದೇಶಕ್ಕೆ ಹೋಗುತ್ತಿದ್ದಾರಲ್ಲ ಎಂದರು.

ವರ್ಷಾಂತ್ಯಕ್ಕೆ ಎಫ್ರೆನ್‌ನ ಕೆಲಸ ಮುಂದುವರಿಯಲಿಲ್ಲ. ಕಾರಣ ಯಾರೂ ಹೇಳಲಿಲ್ಲ. ಅವನು ಇಂಗ್ಲೆಂಡಿಗೆ ಹೊರಟ. ಹೊರಡುವ ಮುನ್ನ ಮೊಲೊಗೆ ಬಂದ.

"ನನ್ನಿಂದ ನಿನ್ನ ಕೆಲಸ ಹೋಯ್ತಲ್ಲ ತೊತೊ," ಎಂದಳು ಬೆಲೆನ್.

"ಶುರುವಾಯ್ತು ನೋಡಿ ಮತ್ತೆ!" ಎಂದ ಅವನು. "ಒಂದು ತಪ್ಪು ಇಳಿಸಿದ್ರೆ ಇನ್ನೊಂದು ಹೊತ್ಕೊಳೋದು. ಹೊರೋಕೆ ಬೇರೆ ಜನ ಇದಾರೆ ತಿತಾ, ಅವರಿಗೂ ಸ್ವಲ್ಪ ಬಿಡಿ."

ಬೆಲೆನ್ ನಕ್ಕಳು. ಆ ಅಂಗಿಯ ಮಾತನ್ನು ಅವಳು ಮತ್ತೆ ಕೇಳಲಿಲ್ಲ. ಕೇಳಿದ್ದರೆ ಅವನು ಮತ್ತೆ 'ನಾನೇ ಹಾಕ್ಕೋತಿದ್ದೆ' ಎನ್ನುತ್ತಿದ್ದ.

ವರ್ಷ ಕಳೆದರೂ ಅವಳು ಕಪ್ಪು ಬಟ್ಟೆ ಬಿಡಲಿಲ್ಲ. ಬಿಡಬೇಕು, ಇಲ್ಲದಿದ್ದರೆ ಸತ್ತವರಿಗೆ ದಾರಿ ಸಿಗುವುದಿಲ್ಲ ಎಂದು ಪಾಸಿಂಗ್ ಹಟ ಹಿಡಿದ ಮೇಲೆ ಒಂದು ದಿನ ಬೂದು ಬಣ್ಣಕ್ಕೆ ಬಂದಳು.

ಮರುವರ್ಷ ಅದೇ ದಿನ ಅವಳು ಒಂದೇ ಒಂದು ಪಾತ್ರೆ ಸಾರು ಮಾಡಿಕೊಂಡು ಆಸ್ಪತ್ರೆಗೆ ಹೋದಳು. ಫ್ಲೋರ್ ನಿವೃತ್ತಳಾಗಿದ್ದಳು. ಕಾವಲುಗಾರ ಗುರುತು ಹಿಡಿದು ಮೇಲಕ್ಕೆ ಕಳಿಸಿದ. ಸಭಾಂಗಣದ ಕಿಟಕಿಗಳೆಲ್ಲ ತೆರೆದಿದ್ದವು. ನದಿಯ ಕಡೆಯಿಂದ ಅಳಿವೆಯ ಉಪ್ಪುವಾಸನೆ ಬರುತ್ತಿತ್ತು. ನರ್ಸುಗಳು ಅಲ್ಲಲ್ಲಿ ಕೂತು ಅವಸರದಲ್ಲಿ ಉಣ್ಣುತ್ತಿದ್ದರು. ಒಂದು ಮುಖವೂ ಅವಳಿಗೆ ಗೊತ್ತಿರಲಿಲ್ಲ. ಬಾಗಿಲ ಬಳಿ ಪಾತ್ರೆ ಹಿಡಿದು ನಿಂತವಳನ್ನು ಕಂಡು ಕಿಟಕಿಯ ಪಕ್ಕದಲ್ಲಿದ್ದ ಒಬ್ಬ ಹುಡುಗಿ ಎದ್ದು ಬಂದಳು.

"ಯಾರನ್ನ ನೋಡ್ಬೇಕು ತಿತಾ? ಯಾವ ರೋಗಿ ಕಡೆಯವರು?"

"ರೋಗಿ ಯಾರೂ ಇಲ್ಲ. ನಾನು ಜೋವಿ ಅಮ್ಮ."

"ಯಾವ ಜೋವಿ? ಹೆರಿಗೆ ವಾರ್ಡಲ್ಲಿರೋರಾ?"

"ಅಲ್ಲ," ಎಂದಳು ಬೆಲೆನ್. "ಕೆಳಗೆ ಕಲ್ಲಿನ ಮೇಲೆ ಇದಾಳೆ. ಜೊವಿತಾ ಪಲ್ಮಾರೆಸ್ ಅಂತ."

ಹುಡುಗಿಯ ಮುಖ ಕೆಂಪಾಯಿತು. ದಿನಾ ಅದನ್ನು ದಾಟಿಕೊಂಡೇ ಬರುತ್ತೇನೆ, ಆದರೆ ಹೆಸರು ಓದಿಲ್ಲ ಎಂದು ತಡವರಿಸಿದಳು. ಪಾತ್ರೆ ಇಸಿದುಕೊಂಡು, ತನ್ನ ಕುರ್ಚಿಯನ್ನೇ ಎಳೆದು ಕೂರಿಸಿದಳು. ಸಾರಿನ ಮುಚ್ಚಳ ತೆಗೆದಾಗ ಪಕ್ಕದ ಮೇಜಿನವರೂ ತಟ್ಟೆ ಹಿಡಿದುಕೊಂಡು ಬಂದರು. ಹುಳಿ ಜಾಸ್ತಿಯೋ ಕಮ್ಮಿಯೋ ಎಂದು ಅವರವರಲ್ಲೇ ಜಗಳವಾಯಿತು. ಯಾರೋ ಏನೋ ಹೇಳಿದ್ದಕ್ಕೆ ಎಲ್ಲರೂ ಬಾಯಿತುಂಬ ಅನ್ನವಿಟ್ಟುಕೊಂಡೇ ನಕ್ಕರು.

"ಹೇಗಿದ್ರು ಅವರು?" ಎಂದು ಹುಡುಗಿ ಕೇಳಿದಳು.

ಬೆಲೆನ್ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ವಾರ್ಡಿನಿಂದ ಕರೆಗಂಟೆ ಕೇಳಿಸಿತು. ಹುಡುಗಿ ಅರ್ಧ ತಟ್ಟೆ ಹಾಗೇ ಬಿಟ್ಟು, ಮಾಸ್ಕ್ ಏರಿಸಿಕೊಂಡು, "ಹೋಗಬೇಡಿ ತಿತಾ, ಈಗ ಬಂದೆ," ಎನ್ನುತ್ತ ಓಡಿದಳು.

ಬೆಲೆನ್ ಅವಳ ತಟ್ಟೆಯ ಮೇಲೆ ನೊಣ ಕೂರದಂತೆ ಇನ್ನೊಂದು ತಟ್ಟೆ ಮುಚ್ಚಿದಳು. ಮೇಜುಗಳು ಒಂದೊಂದಾಗಿ ಖಾಲಿಯಾದವು. ಅವಳು ಕಾದು ಕೂತಳು.